ಶುಕ್ರವಾರದ ಗಡ್ಡ

ಮೊಣಕಾಲು ಎಷ್ಟು ಡಿಗ್ರಿ ಮಡಚುತ್ತದೆ, ಕೇಳಿ,
ಅಳತೆಪಟ್ಟಿ ಇಲ್ಲದೆಯೂ ಹೇಳಿಯೇನು.
ಹನ್ನೊಂದು ವರ್ಷ ಜಗಳೂರು ಸೀಮೆಯ ಕಾಲುಗಳನ್ನು
ಎತ್ತಿ ಇಳಿಸಿದ ಕೈ ಇದು.
ದಾವಣಗೆರೆಯ ಈ ತರಬೇತಿಯಲ್ಲಿ
ಮೂರು ದಿನ ಕೂರಿಸಿ ನನ್ನನ್ನು ಕೇಳಿದ್ದು
ಡಿಗ್ರಿಯಲ್ಲ,
ವರ್ಷ.

ಅಂಬುಜಾಕ್ಷಿ ಮೇಡಂ ಚಾರ್ಟಿನ ನಡುವೆ ಒಂದು ಸೊನ್ನೆ ಸುತ್ತಿದರು.
ಒಳಗೆ ಹೆಸರು: ಚಮನ್‌ಸಾಬ್. ಮೂವತ್ತೊಂದು.
ಹುಟ್ಟಿದಾಗ ಅಳುವುದಕ್ಕೆ ತಡ ಮಾಡಿದವನು.
"ಸುತ್ತ ಯಾರ್ಯಾರಿದಾರೆ, ತುಂಬಿ."
ತುಂಬಿದೆವು, ಮದುವೆ ಕರೆಯೋಲೆಯ ಹಾಗೆ:
ಅಬ್ಬ, ಅಮ್ಮಿ, ತಂಗಿ ಮುಬೀನಾ, ಆಶಾ ಕಾರ್ಯಕರ್ತೆ,
ಕೊನೆಗೆ, ಸಂಕೋಚದಿಂದ, ನಾವು.
ಮೇಡಂ ಕೆಂಪು ಪೆನ್ನು ತೆಗೆದರು.
ಅಬ್ಬನ ಮೇಲೊಂದು ಗೀಟು. ಅಮ್ಮಿಯ ಮೇಲೊಂದು.
"ಇಪ್ಪತ್ತು ವರ್ಷ ಆತು. ಈಗ ಹೇಳ್ರಿ."

ಫ್ಯಾನು ತಿರುಗುತ್ತಿತ್ತು.
ಹೊಳಲ್ಕೆರೆಯ ಓಂಕಾರಪ್ಪ ಮೆಲ್ಲಗೆ ಬಾಯಿ ಬಿಟ್ಟ:
"ತಂಗಿ ಇದಾಳಲ್ಲ ಮೇಡಂ."
"ತಂಗೀನ ಕೇಳಿದ್ರಾ?"

ಎರಡನೇ ದಿನ ಮಂಡಕ್ಕಿ ಭಟ್ಟಿಯ ಓಣಿ.
ಬಿಸಿ ಮರಳಿನಲ್ಲಿ ಅಕ್ಕಿ ಸಿಡಿದು ಅರಳುವ ಸದ್ದು,
ಗೋಡೆಗೆ ಮಸಿ, ಗಾಳಿಗೆ ಉಪ್ಪು.
ಹೊಸ್ತಿಲ ಬಳಿ ಗಾಲಿಕುರ್ಚಿಯಲ್ಲಿ ಅವನು,
ತೊಡೆಯ ಮೇಲೆ ಖಾಲಿ ಚೀಲಗಳು:
ಹರಿದದ್ದು ಎಡಕ್ಕೆ, ಗಟ್ಟಿಯಿದ್ದದ್ದು ಬಲಕ್ಕೆ.
ಭಟ್ಟಿಯಲ್ಲಿ ಆ ಕೆಲಸಕ್ಕೆ ಬೇರೆ ಆಳಿಲ್ಲವಂತೆ.
ಇದು ನಮ್ಮ ಯಾವ ಫಾರ್ಮಿನಲ್ಲೂ ಇರಲಿಲ್ಲ.

ನಮ್ಮ ಫಾರ್ಮಿನಲ್ಲಿದ್ದದ್ದು
ಪಿಂಚಣಿ, ಗುರುತಿನ ಕಾರ್ಡು, ವಿಮೆ,
ಕಾನೂನು ಪಾಲಕರ ಹೆಸರು, ಬೆನ್ನಿನ ಹುಣ್ಣಿಗೆ ದಿಂಬು.
ಎಲ್ಲ ಬೇಕಾದದ್ದೇ. ನಗುವಂಥದ್ದು ಯಾವುದೂ ಇಲ್ಲ.
ಓದಿ ಹೇಳಿದೆವು. ಕೇಳಿಸಿಕೊಂಡ.
ಆಮೇಲೆ ಅವನು ಮಾತಿಗೆ ತೊಡಗಿದ.

ಅವನ ಒಂದು ವಾಕ್ಯಕ್ಕೆ ನಾಲ್ಕು ನಿಮಿಷ.
ಹರಿಹರದ ಜೆಸಿಂತಾ ನನ್ನ ಮೊಣಕೈ ಹಿಡಿದಳು:
ತುಂಬಬೇಡ, ಅವನ ಮಾತು ಅವನೇ ಮುಗಿಸಲಿ.
ಕುತ್ತಿಗೆ ಎಳೆದು, ದವಡೆ ತಿರುಚಿ,
ಭಾರದ ಬಂಡಿ ಏರು ಹತ್ತಿದ ಹಾಗೆ ಬಂತು ಮಾತು:
ಗಡ್ಡ
ಯಾರು
ತೆಗೀತಾರೆ?

ಬುಡೇನ್‌ಸಾಬರು ತಮ್ಮ ಕೈ ನೋಡಿಕೊಂಡರು.
ಪ್ರತಿ ಶುಕ್ರವಾರ, ನಮಾಜಿಗೆ ಮುಂಚೆ,
ಮಗನ ಗಲ್ಲಕ್ಕೆ ನೊರೆ ಹಚ್ಚುವ ಕೈ.
ಈಚೆಗೆ ನಡುಗುತ್ತದೆ.
ಕಿವಿಯ ಕೆಳಗೆ, ಹೋದ ವಾರದ್ದು, ಸಣ್ಣ ಗಾಯ.
ಅದನ್ನು ನಾನು ನೋಡಿದ್ದೆ.
ಚರ್ಮ, ಒಂದು ಸೆಂಟಿಮೀಟರ್, ಒಣಗಿದೆ, ಎಂದು ಬರೆದೂ ಇದ್ದೆ.

ಮುಬೀನಾ ಬಾಗಿಲಿನಿಂದಲೇ ಹೇಳಿದಳು:
"ಊಟ ನಾನು ಮಾಡಿಸ್ತೀನಿ, ಅಣ್ಣ.
ದುಡ್ಡಿನ ಲೆಕ್ಕ ನಾನು ನೋಡ್ತೀನಿ.
ಗಡ್ಡ ನನ್ನ ಕೈಲಿ ಆಗಲ್ಲ.
ನನ್ನನ್ನ ಇವತ್ತೇ ಮೊದಲು ಕೇಳಿದ್ದು ನೀವು."

ಓಣಿಯ ತುದಿಗೆ ನಿಂಗರಾಜನ ಕಟಿಂಗ್ ಶಾಪು.
ಎರಡು ಮೆಟ್ಟಿಲು, ಹದಿನಾಲ್ಕು ಇಂಚು.
ಓಂಕಾರಪ್ಪ ಟೇಪು ಹಿಡಿದ, ನಾನು ಮಣಕಾಲೂರಿದೆ.
ಹಲಗೆ ಹಾಕಿದರೆ ಕುರ್ಚಿ ಹತ್ತುತ್ತದೆ,
ಚರಂಡಿ ದಾಟಲು ಉದ್ದದ್ದೇ ಬೇಕು, ಆಗಬಹುದು.
ಕುತ್ತಿಗೆ ಅಲುಗಿದರೆ ಹಿಡಿಯುವುದು ಹೇಗೆ ಎಂದು
ನನ್ನ ತಲೆಯನ್ನೇ ಅವನ ಕೈಗೆ ಕೊಟ್ಟು ಕಲಿಸಿದೆ.
ಅರ್ಧ ಗಂಟೆ. ಗಿರಾಕಿಗಳು ನಕ್ಕರು.
ನಿಂಗರಾಜ ಕತ್ತರಿ ಒರೆಸುತ್ತ ಅಂದ:
"ಮಾಡೋಣ ಸರ್, ಅದಕ್ಕೇನಂತೆ.
ಶುಕ್ರವಾರ ಮಾತ್ರ ರಶ್ಶು ಜಾಸ್ತಿ.
ಗುರುವಾರ ಸಂಜೆ ಆದ್ರೆ?"

ಗುರುವಾರ ಸಂಜೆ, ಎಂದು ಬರೆದುಕೊಂಡು
ಗೆದ್ದವರ ಹಾಗೆ ವಾಪಸು ಬಂದೆವು.
ಚಮನ್‌ಸಾಬ್ ಚೀಲವೊಂದನ್ನು ಬೆಳಕಿಗೆ ಹಿಡಿದ,
ಹೊಲಿಗೆ ನೋಡಿದ,
ಎಡಕ್ಕೆ ಎಸೆದ.
ಈ ಸಲ ಒಂದೇ ಪದ, ಮೂರೇ ಉಸಿರು:
ಶುಕ್ರವಾರ.

ಜೆಸಿಂತಾ ರಬ್ಬರು ಕೊಟ್ಟಳು.
ಮತ್ತೆ ಓಣಿಯ ತುದಿಗೆ ನಡೆದೆವು.